ಸುಳ್ಳು ಸೂಜಿ

ಮೊದಲು ಮಾಯವಾದದ್ದು ಗೋಡೆಯ ಮೇಲಿನ ಒಂದು ಅಕ್ಷರ. ಕಾಂಗ್ ಲಿಯಾನ್ ಆಸ್ಪತ್ರೆಯ ತನ್ನ ಕೋಣೆಯ ಬಾಗಿಲಲ್ಲಿ ನಿಂತು ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಎದುರಿನ ಗೋಡೆಯ ತುಂಬ ಗುಣವಾದ ರೋಗಿಗಳು ತಂದುಕೊಟ್ಟ ಕೆಂಪು ಮಖಮಲ್ಲಿನ ಬಾವುಟಗಳು. ಅಂಚಿಗೆ ಹಳದಿ ಜಾಲರಿ, ನಡುವೆ ಚಿನ್ನದ ಬಣ್ಣದಲ್ಲಿ ಡಾಕ್ಟರ ಹೊಗಳಿಕೆ. ‘ವಸಂತವನ್ನು ಮರಳಿ ತರುವ ಕೈ’ ಎಂಬ ಸಾಲಿನಲ್ಲಿ ಕೈ ಇರಲಿಲ್ಲ. ಕಣ್ಣುಜ್ಜಿಕೊಂಡು ನೋಡಿದಳು. ಕೈ ಇರಬೇಕಾದ ಜಾಗದಲ್ಲಿ ಗಾಳಿ ಕಾದ ಹೆಂಚಿನ ಮೇಲಿನಂತೆ ನಡುಗುತ್ತಿತ್ತು. ಬಂತು ಪೀಡೆ, ಅಂದುಕೊಂಡಳು. ಇನ್ನು ಸ್ವಲ್ಪ ಹೊತ್ತಿಗೆ ಆ ನಡುಕಕ್ಕೆ ಗರಗಸದ ಹಲ್ಲು ಮೂಡುತ್ತದೆ, ಬಲಗಡೆ ಇರುವುದನ್ನೆಲ್ಲ ಒಂದೊಂದಾಗಿ ತಿನ್ನುತ್ತದೆ, ತಿಂದು ಮುಗಿಸಿ ಹೊರಟುಹೋಗುತ್ತದೆ. ಆಮೇಲೆ ಎಡಗಣ್ಣಿನ ಹಿಂದೆ ಯಾರೋ ಕೂತು ನಿಧಾನವಾಗಿ ತಿರುಪು ಬಿಗಿಯಲು ಶುರುಮಾಡುತ್ತಾರೆ. ಇಪ್ಪತ್ತು ವರ್ಷದಿಂದ ಚೆಂಗ್ಡುವಿನ ಜನರ ಅರೆತಲೆನೋವಿಗೆ ಅಕ್ಯುಪಂಕ್ಚರ್ ಸೂಜಿ ಚುಚ್ಚುತ್ತ ಬಂದವಳಿಗೆ ಅರೆತಲೆನೋವು. ಯಾರಿಗಾದರೂ ಹೇಳಿದರೆ ನಕ್ಕಾರು. ಅದೂ ಇವತ್ತೇ ಬರಬೇಕೇ, ಚಳಿಗಾಲದ ಸಂಕ್ರಾಂತಿಯ ದಿನ, ಊರಿಗೆ ಊರೇ ಆಡಿನ ಮಾಂಸದ ಸಾರು ಕುದಿಸುವ ದಿನ, ಅವಳು ಗುರುಗಳ ಮನೆಗೆ ಊಟಕ್ಕೆ ಹೋಗಿ ಆ ಮಾತನ್ನು ಹೇಳಿಯೇ ಬಿಡುವೆನೆಂದು ತೀರ್ಮಾನ ಮಾಡಿಕೊಂಡ ದಿನ.

ಆ ಮಾತು ದೊಡ್ಡದೇನೂ ಅಲ್ಲ. ಗುರುಗಳೇ, ನಿಮ್ಮ ಸೂಜಿ ನನಗೆ ಹತ್ತುತ್ತಿಲ್ಲ, ಇನ್ನು ಬೇಡ. ಅಷ್ಟೇ. ಬಚ್ಚಲಲ್ಲಿ ಹಲ್ಲುಜ್ಜುತ್ತ ಅದನ್ನು ಎಷ್ಟೋ ಸಲ ಹೇಳಿ ನೋಡಿದ್ದಳು, ನೊರೆಯ ಜೊತೆ ಉಗುಳಿದ್ದಳು. ಮೋ ಗುರುಗಳಿಗೆ ಈಗ ಅವಳೊಬ್ಬಳೇ ರೋಗಿ. ಕೈ ನಡುಗಲು ಶುರುವಾದ ಮೇಲೆ ಇದೇ ಆಸ್ಪತ್ರೆಯವರು ಅವರಿಗೆ ಒಂದು ಸನ್ಮಾನ ಮಾಡಿ, ಆಳೆತ್ತರದ ಫೋಟೋ ಹಾಕಿಸಿ, ಕೋಣೆಯ ಬೀಗದ ಕೈ ವಾಪಸು ಪಡೆದಿದ್ದರು. ಎಂಥ ಸಭ್ಯತೆ! ಅಂದಿನಿಂದ ಮುದುಕರ ಸೂಜಿಗೆ ಉಳಿದದ್ದು ಲಿಯಾನಳ ತಲೆ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ ನೋವು ಈಗ ವಾರ ಬಿಡದೆ ಬರುತ್ತಿತ್ತು. ಹೋದ ತಿಂಗಳು ಮುಖಕ್ಕೆ ಮಾಸ್ಕು ಏರಿಸಿಕೊಂಡು, ಉದ್ಯೋಗ ಕೇಳಿದಾಗ ‘ಮನೆಯಲ್ಲೇ ಇದ್ದೇನೆ’ ಎಂದು ಸುಳ್ಳು ಹೇಳಿ, ನದಿಯಾಚೆಯ ದೊಡ್ಡಾಸ್ಪತ್ರೆಯ ನರರೋಗ ತಜ್ಞನ ಮುಂದೆ ಕೂತಿದ್ದಳು. ಅವಳಿಗಿಂತ ತುಂಬ ಚಿಕ್ಕವನು. ಹೊಸ ಇಂಜೆಕ್ಷನ್ ಇದೆ, ಹೊಸ ವರ್ಷಕ್ಕೆ ಶುರುಮಾಡೋಣ ಎಂದಿದ್ದ. “ಆದ್ರೆ ಆಂಟಿ, ಈ ಸೂಜಿ ಗೀಜಿ ಚುಚ್ಚಿಸ್ಕೊಳ್ಳೋದು ಏನಾದ್ರೂ ಇದ್ರೆ ಮೊದ್ಲು ಬಿಡಿ. ಯಾವುದರಿಂದ ಏನಾಯ್ತು ಅಂತ ನಂಗೆ ತಿಳೀಬೇಕಲ್ಲ” ಎಂದಿದ್ದ. ಆ ‘ಗೀಜಿ’ ಎಂಬ ಮಾತು ಅವಳ ಹೊಟ್ಟೆಯಲ್ಲಿ ಇನ್ನೂ ಕರಗದೆ ಕೂತಿತ್ತು. ಅದಕ್ಕಿಂತ ಅಸಹ್ಯವೆಂದರೆ ಅವನು ಹೇಳಿದ್ದು ಸರಿಯಾಗಿತ್ತು.

ಹೆಂಗಸರ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಮಾತ್ರೆ ನುಂಗಿದಳು. ಸೂಜಿ ವಿಭಾಗದ ಡಾಕ್ಟರು ನೋವಿನ ಮಾತ್ರೆ ನುಂಗುವುದು ಮೇಜಿನ ಮುಂದೆ ಕೂತು ಮಾಡುವ ಕೆಲಸವಲ್ಲ. ನೀರಿನ ಬಾಟಲಿ ಮರೆತಿದ್ದರಿಂದ ಎಂಜಲಿನಲ್ಲೇ ನುಂಗಬೇಕಾಯಿತು. ಅದು ಗಂಟಲ ನಡುವೆ ಅಂಟಿ ಕೂತಿತು. ಪಕ್ಕದ ಕೋಣೆಗಳಲ್ಲಿ ರೋಗಿಗಳಿಗೆ ಕಾವು ಕೊಡಲು ಮಾಚಿಪತ್ರೆ ಸುಡುವ ಹೊಗೆ ಅಲ್ಲಿಗೂ ಬಂದಿತ್ತು. ಕಾಲ ಕೆಳಗೆ ಯಾರೋ ನೀರು ಬಿಡದೆ ಹೋದದ್ದು. ಈ ಹೊಗೆ ಅವಳ ಕೂದಲಲ್ಲಿ, ಒಳಬಟ್ಟೆಯಲ್ಲಿ, ದಿಂಬಿನಲ್ಲಿ ಸೇರಿಕೊಂಡಿದ್ದರಿಂದ, ಬಿಟ್ಟುಹೋದ ಗಂಡ ಕೊನೆಕೊನೆಗೆ ‘ನಿನ್ನ ಜೊತೆ ಮಲಗೋದು ಒಂದೇ, ಸತ್ತೋರ ಮನೇಲಿ ಮಲಗೋದು ಒಂದೇ’ ಎಂದಿದ್ದ. ಆಗ ಅತ್ತಿದ್ದಳು. ಈಗ ಮೂಗು ಮುಚ್ಚಿಕೊಂಡು, ಅವನು ಹೇಳಿದ್ದೂ ಸರಿಯೇ ಅಂದುಕೊಂಡಳು. ಹಾಳಾದವರೆಲ್ಲ ಸರಿಯಾದದ್ದನ್ನೇ ಹೇಳುತ್ತಾರೆ.

ಪಾಂಗ್ ಯೂಫೆನ್ ಬಂದದ್ದು ಮೊದಲು ಮೂಗಿಗೆ ಗೊತ್ತಾಯಿತು. ಯೂಫೆನ್‌ಳದು ವಿಮಾನ ನಿಲ್ದಾಣದ ಕಡೆಯ ರಸ್ತೆಯಲ್ಲಿ ಮೊಲದ ತಲೆ ಬೇಯಿಸಿ ಮಾರುವ ಅಂಗಡಿ. ಮೆಣಸಿನಕಾಯಿ, ನಾಲಿಗೆ ಜುಮ್ಮೆನ್ನಿಸುವ ಕಾಳು, ಎಣ್ಣೆ, ಇವುಗಳ ವಾಸನೆ ಅವಳಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತದೆ.

“ಡಾಕ್ಟ್ರೇ, ತಿಂಡಿ ಆಯ್ತಾ? ಹಬ್ಬ ಅಂತ ಬಿಸಿಬಿಸಿ ತಂದಿದೀನಿ. ಖಾರದ್ದು ಒಂದಷ್ಟು, ಸಪ್ಪೆದು ಒಂದಷ್ಟು. ಈಗ್ಲೇ ಒಂದು ಬಾಯಿಗೆ ಹಾಕ್ಕೊಳಿ.”

ಮೇಜಿನ ಮೇಲೆ ಇಟ್ಟ ಪ್ಲಾಸ್ಟಿಕ್ ಚೀಲದೊಳಗೆ ಮೊಲದ ತಲೆಗಳು ಒಂದಕ್ಕೊಂದು ಕೆನ್ನೆ ಕೊಟ್ಟು ಮಲಗಿದ್ದವು. ಹಲ್ಲುಗಳು ಎದ್ದು ಕಾಣುತ್ತಿದ್ದವು. ಚೀಲದ ಒಳಮೈಗೆ ಆವಿ ಕೂತು ಎಣ್ಣೆಯ ಹನಿ ಇಳಿಯುತ್ತಿತ್ತು. ಲಿಯಾನ್ ನಗಲು ಪ್ರಯತ್ನಿಸಿದಳು. ಯೂಫೆನ್‌ಳ ಹಿಂದೆ ಅವಳ ಗಂಡ, ಒಲ್ಲದ ಮದುವೆಗೆ ಉಡುಗೊರೆ ಹೊತ್ತು ಬಂದವನಂತೆ, ಸುರುಳಿ ಸುತ್ತಿದ ಕೆಂಪು ಬಾವುಟ ಹಿಡಿದು ನಿಂತಿದ್ದ.

“ಇವಳ ತಲೆನೋವು ಹೋದಾಗಿಂದ ನಮಗೆಲ್ಲ ಶುರುವಾಗಿದೆ ಡಾಕ್ಟ್ರೇ,” ಎಂದ. “ಬೆಳಗ್ಗೆ ಎದ್ದ ತಕ್ಷಣ ಬಯ್ಯೋಕೆ ಏನು ಶಕ್ತಿ ಅಂತೀರಾ! ಇದಕ್ಕೂ ಒಂದು ಸೂಜಿ ಇದ್ರೆ ಹಾಕಿ.”

“ಸುಮ್ನಿರ್ರೀ. ಹತ್ತು ವರ್ಷ ನಾಟಕ ಅಂದೋರು ಯಾರು? ಅಂಗಡಿ ತೆಗೆಯೋ ಹೊತ್ತಿಗೇ ಸರಿಯಾಗಿ ಬರುತ್ತೆ ಇವಳಿಗೆ ಅಂತ ಅತ್ತೆ ಮುಂದೆ ಆಡ್ಕೊಂಡು ನಕ್ಕೋರು ಯಾರು? ಕತ್ತಲೆ ಕೋಣೇಲಿ ನಾನು ಬಕೆಟ್ ಹಿಡ್ಕೊಂಡು ಬಿದ್ದಿದ್ರೆ ಟೀವಿ ಜೋರಾಗಿ ಇಡ್ತಿದ್ರಿ. ಇವತ್ತು ಆ ಬಾವುಟ ನೀವೇ ಹಿಡೀಬೇಕು. ಫೋಟೋದಲ್ಲಿ ನಿಮ್ಮ ಮುಖಾನೂ ಬರ್ಬೇಕು.”

ಗಂಡ ನಕ್ಕು ತಲೆ ಕೆರೆದುಕೊಂಡ. ಲಿಯಾನ್ ಅವನನ್ನು ಹೊರಗೆ ಕೂರಲು ಹೇಳಿ ಯೂಫೆನ್‌ಳನ್ನು ಪರದೆಯ ಒಳಗೆ ಕರೆದುಕೊಂಡು ಹೋದಳು. ಹೇಳಬೇಕಾದದ್ದು ಹೇಳಲೇಬೇಕಿತ್ತು. ಸೂಜಿ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ನೋಡಲು ಆಸ್ಪತ್ರೆಯವರು ನಡೆಸಿದ ಪ್ರಯೋಗ ಮುಗಿದಿತ್ತು. ಯಾರಿಗೆ ಯಾವ ಸೂಜಿ ಹಾಕಿದ್ದೆಂದು ಒಬ್ಬೊಬ್ಬರನ್ನೇ ಕರೆದು ತಿಳಿಸುವ ಕೆಲಸ ಚುಚ್ಚಿದವರದೇ. ಮೂರು ಪಂಗಡ: ನಿಜವಾದ ಸೂಜಿಯವರು, ಸುಳ್ಳು ಸೂಜಿಯವರು, ಏನೂ ಇಲ್ಲದೆ ಸರದಿಗೆ ಕಾದವರು. ಸುಳ್ಳು ಸೂಜಿಯ ಮೊನೆ ಮೊಂಡು; ಒತ್ತಿದರೆ ನಾಟಕದ ಚೂರಿಯ ಹಾಗೆ ತನ್ನ ಹಿಡಿಯೊಳಕ್ಕೆ ತಾನೇ ಸರಿದುಕೊಳ್ಳುತ್ತದೆ. ಚರ್ಮಕ್ಕೆ ಅಂಟಿಸಿದ ಪುಟ್ಟ ಬಳೆಯೊಳಗೆ ನಿಂತಿರುವುದರಿಂದ ಬೀಳುವುದಿಲ್ಲ, ನೋಡಿದವರಿಗೆ ಒಳಗೆ ಹೋದಂತೆಯೇ ಕಾಣುತ್ತದೆ. ಆದರೂ ಅದನ್ನು ತಿರುವಬೇಕು, ಎಲ್ಲರನ್ನೂ ಕೇಳುವಂತೆಯೇ ‘ಬಂತಾ?’ ಎಂದು ಕೇಳಬೇಕು.

‘ಬಂತಾ?’ ಈ ಒಂದು ಮಾತಿನ ಮೇಲೆ ಇಡೀ ವಿದ್ಯೆ ನಿಂತಿದೆ. ಚುಚ್ಚಿದ ಕಡೆ ಒಳಗೆ ಸೆಳೆದಂತೆ, ಭಾರವಾದಂತೆ, ಊದಿಕೊಂಡಂತೆ ಆಗಬೇಕು; ಆಯಿತೆಂದರೆ ಪ್ರಾಣಶಕ್ತಿ ಬಂದು ಸೂಜಿಯನ್ನು ಹಿಡಿಯಿತು ಎಂದರ್ಥ. ಹಿಡಿಯದಿದ್ದರೆ ತಪ್ಪು ಚುಚ್ಚಿದವರದು. ಹಾಗಿರುವಾಗ, ಇಷ್ಟು ಹಿರಿಯರು ಬಗ್ಗಿ ನಿಂತು ಕೇಳುವಾಗ ಇಲ್ಲ ಎಂದು ಅವರ ಮುಖ ಕೆಡಿಸುವುದು ಯಾರಿಂದ ಆಗುತ್ತದೆ? ಕಾಲೇಜಿನ ಮೊದಲ ವರ್ಷ ಮೋ ಗುರುಗಳು ತರಗತಿಯ ಮುಂದೆ ಲಿಯಾನಳ ಹೆಬ್ಬೆರಳು ತೋರುಬೆರಳಿನ ನಡುವೆ ಚುಚ್ಚಿ ಆ ಪ್ರಶ್ನೆ ಕೇಳಿದಾಗ ಅವಳಿಗೆ ಇರುವೆ ಕಚ್ಚಿದಷ್ಟು ಉರಿ ಬಿಟ್ಟರೆ ಏನೂ ಆಗಿರಲಿಲ್ಲ. ಇಡೀ ತರಗತಿ ಅವಳ ಬಾಯಿ ನೋಡುತ್ತಿತ್ತು. ಬಂತು ಗುರುಗಳೇ, ಎಂದಳು. ‘ನೋಡಿ, ಇವಳ ಮೈ ಸೂಕ್ಷ್ಮ’ ಎಂದು ಅವರು ಹಿಗ್ಗಿದರು. ಅಲ್ಲಿಂದ ಅವಳು ಅವರ ನೆಚ್ಚಿನ ಶಿಷ್ಯೆ, ಅಲ್ಲಿಂದ ಈ ಕೋಟು, ಈ ಕೋಣೆ, ಈ ಹೊಗೆ.

“ಯೂಫೆನ್ ಅವರೇ, ಸೇರೋವಾಗ ಹೇಳಿದ್ದೆ, ನೆನಪಿದೆಯಾ? ಸೂಜಿ ಹಾಕಿಸ್ಕೊಂಡೋರಲ್ಲಿ ಅರ್ಧ ಜನಕ್ಕೆ ನಿಜವಾದ್ದು, ಇನ್ನರ್ಧ ಜನಕ್ಕೆ ಅಲ್ಲ ಅಂತ.”

“ಹೂಂ. ಪಾಪ, ಆ ಜನ ಏನ್ ಮಾಡಿದ್ರೋ.”

“ನೀವು ಅವರಲ್ಲಿ ಒಬ್ರು.”

ಯೂಫೆನ್ ನಗುತ್ತಲೇ ಇದ್ದಳು, ಮಾತು ಇನ್ನೂ ಮುಟ್ಟದವಳಂತೆ. ಲಿಯಾನ್ ಒಂದು ಸುಳ್ಳು ಸೂಜಿಯನ್ನು ತೆಗೆದು ತನ್ನ ಅಂಗೈಗೆ ಒತ್ತಿ ತೋರಿಸಿದಳು. ಯೂಫೆನ್ ಅದನ್ನು ಕಸಿದುಕೊಂಡಳು. ಮೆಣಸಿನ ಕೆಂಪು ಉಗುರಿನ ಸಂದುಗಳಲ್ಲಿ ಕೂತಿದ್ದ ದಪ್ಪ ಬೆರಳುಗಳಿಂದ ತನ್ನ ಅಂಗೈಗೆ ಒತ್ತಿದಳು. ತೆಗೆದು ಮತ್ತೆ ಒತ್ತಿದಳು.

“ಚುಚ್ಚಲ್ಲ.”

“ಇಲ್ಲ, ಚುಚ್ಚಲ್ಲ.”

“ಮತ್ತೆ ನೀವು ಪ್ರತಿ ಸಲ ಬಂತಾ, ಬಂತಾ ಅಂತ ಕೇಳ್ತಿದ್ರಿ.”

“ಎಲ್ಲರನ್ನೂ ಹಾಗೇ ಕೇಳ್ಬೇಕು. ನಿಯಮ ಅದು.”

“ನಾನು ಬಂತು ಅಂದೆ. ಭುಜದವರೆಗೂ ಬಂತು ಅಂದೆ.” ದನಿ ಇಳಿಯಿತು. “ನಿಮ್ಮನ್ನ ಮೆಚ್ಚಿಸೋಕೆ ಅಂದಿದ್ದಲ್ಲ ಡಾಕ್ಟ್ರೇ. ಬಂದಿತ್ತು.”

“ಗೊತ್ತು. ನಿಮ್ಮ ನೋವೂ ನಿಜ, ಅದು ಹೋಗಿದ್ದೂ ನಿಜ.”

“ಅದನ್ನ ನನಗ್ಯಾಕೆ ಹೇಳ್ತೀರಾ, ನಂಗೊತ್ತಿಲ್ವಾ?” ಯೂಫೆನ್ ಪರದೆಯ ಕಡೆ ನೋಡಿದಳು. ಪರದೆಯ ಕೆಳಗೆ ಗಂಡನ ಬೂಟು ಕಾಣುತ್ತಿತ್ತು. “ಅವ್ರಿಗೆ ಹೇಳೋಕಾಗುತ್ತಾ? ಸುಳ್ಳು ಸೂಜಿಗೆ ಹೋಯ್ತು ಅಂದ್ರೆ ಸುಳ್ಳು ನೋವೇ ಇರ್ಬೇಕು ಅಂತಾರೆ. ಅತ್ತೆ ಸಾಯೋವರೆಗೂ ಅದನ್ನೇ ಹಾಡ್ತಾರೆ. ನಿಮಗೆ ಕೈ ಮುಗೀತೀನಿ, ನನ್ನ ಹತ್ತು ವರ್ಷದ ನೋವನ್ನ ಸುಳ್ಳು ಮಾಡ್ಬೇಡಿ.”

ಲಿಯಾನ್ ಅವಳ ಮುಖ ನೋಡಿದಳು. ಬಲಗಡೆಯ ಅರ್ಧ ಮುಖವನ್ನು ಗರಗಸ ಆಗಲೇ ತಿಂದಿತ್ತು. ಉಳಿದ ಒಂದು ಕಣ್ಣು, ಒಂದು ಕೆನ್ನೆ, ಅರ್ಧ ಬಾಯಿ ಅವಳನ್ನು ಬೇಡಿಕೊಳ್ಳುತ್ತಿದ್ದವು. ಹೇಳುವುದಿಲ್ಲ ಎಂದಳು. ಆಮೇಲೆ, ತೂಕ ಸರಿದೂಗಿಸುವವಳಂತೆ, ಬೇಕಾದರೆ ಈಗ ನಿಜವಾದ ಸೂಜಿಯ ಚಿಕಿತ್ಸೆ ಪುಕ್ಕಟೆ ಕೊಡುತ್ತೇವೆ ಎಂದಳು. ಯೂಫೆನ್ ಅನುಮಾನದಿಂದ ಕೈ ಚಾಚಿದಳು. ಸೂಜಿ ಒಳಗೆ ಹೋಗಿ ಒಂದು ಸುತ್ತು ತಿರುಗಿತೋ ಇಲ್ಲವೋ, ಅವಳು ಹಾಸಿಗೆಯಿಂದ ಹಾರಿ ಕೂತಳು.

“ಅಯ್ಯಯ್ಯೋ! ತೆಗೀರಿ, ತೆಗೀರಿ! ಇದೇನಾ ನಿಜವಾದ್ದು? ಕರೆಂಟ್ ಹೊಡೆದಂಗಾಯ್ತು. ಬೇಡ ನಂಗೆ. ಆ ಹಳೇದೇ ಚೆನ್ನಾಗಿತ್ತು.” ಕೈ ಉಜ್ಜಿಕೊಳ್ಳುತ್ತ, ಗಂಭೀರವಾಗಿ ಕೇಳಿದಳು: “ಮತ್ತೆ ತಲೆನೋವು ಬಂದ್ರೆ ಅದನ್ನೇ ಹಾಕ್ತೀರಾ?”

“ಹಾಕ್ಬೋದು. ಆದ್ರೆ ಈಗ ನಿಮಗೆ ಗೊತ್ತಾಗಿ ಹೋಯ್ತಲ್ಲ. ಇನ್ನು ಅದು ಹಿಡಿಯುತ್ತೋ ಇಲ್ವೋ.”

ಯೂಫೆನ್ ಸುಳ್ಳು ಸೂಜಿಯನ್ನು ಎತ್ತಿಕೊಂಡು ಅಂಗೈಗೆ ಇನ್ನೊಮ್ಮೆ ಒತ್ತಿದಳು. ಆಮೇಲೆ ಕೇಳಿದ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಹಂಗಾದ್ರೆ ಯಾಕ್ ಹೇಳಿದ್ರಿ?”

ಫೋಟೋ ತೆಗೆದರು. ದಾದಿಯೊಬ್ಬಳು ಮೊಬೈಲು ಹಿಡಿದಳು. ಬಾವುಟದ ಒಂದು ತುದಿ ಗಂಡ, ಒಂದು ತುದಿ ಯೂಫೆನ್, ನಡುವೆ ಲಿಯಾನ್. ‘ದಿವ್ಯ ಸೂಜಿ, ಮುಟ್ಟಿದ್ದೇ ತಡ ರೋಗ ಮಾಯ’ ಎಂದು ಬರೆಸಿದ್ದರು. ದಾದಿ ನಗಿ ಎಂದಳು. ಗಂಡ ಎಲ್ಲರಿಗಿಂತ ಅಗಲವಾಗಿ ನಕ್ಕ. ಯೂಫೆನ್ ಲಿಯಾನಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಕೃತಜ್ಞತೆಗೋ, ಬಾಯಿ ಬಿಟ್ಟೀರಿ ಎಂಬ ಎಚ್ಚರಿಕೆಗೋ. ಹೋಗುವಾಗ ಹಿಂದಿರುಗಿ ನೋಡಲಿಲ್ಲ.

ಅವರು ಹೋದ ಮೇಲೆ ಕಣ್ಣು ತಿಳಿಯಾಯಿತು, ತಿರುಪು ಶುರುವಾಯಿತು. ಮತ್ತೆ ಶೌಚಾಲಯ. ಗೋಡೆ ಹಿಡಿದು ಬಗ್ಗಿದಾಗ ಬೆಳಗ್ಗೆ ಕುಡಿದ ಗಂಜಿ ಬಂತು, ಹಳದಿ ನೀರು ಬಂತು, ಕೊನೆಗೆ ಅದೂ ಬಂತು, ಆ ಮಾತ್ರೆ, ಇಡಿಯಾಗಿ, ಬೆಳ್ಳಗೆ, ಅಂಚು ಕೂಡ ಸವೆಯದೆ. ಗಂಜಿಯ ನಡುವೆ ಕೂತು ಅವಳನ್ನು ನೋಡುತ್ತಿತ್ತು. ಒಂದು ಕ್ಷಣ, ಒಂದೇ ಕ್ಷಣ, ಅದನ್ನು ಎತ್ತಿ ತೊಳೆದು ಮತ್ತೆ ನುಂಗಲೇ ಎಂದು ಕೈ ಮುಂದಾಯಿತು. ಮುಂದಾದ ಕೈಯನ್ನು ನೋಡಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ನೀರು ಬಿಟ್ಟಳು. ಇದು ವಸಂತ ತರುವ ಕೈ.

ಗುರುಗಳ ಮನೆ ಆಸ್ಪತ್ರೆಯ ಹಿಂದಿನ ಹಳೆಯ ವಸತಿ ಕಟ್ಟಡದಲ್ಲಿ. ನಡೆದೇ ಹೋದಳು. ಆಕಾಶ ಎಂದಿನಂತೆ ಪಾತ್ರೆ ತೊಳೆದ ನೀರಿನ ಬಣ್ಣ. ಬೀದಿಯುದ್ದಕ್ಕೂ ಆಡಿನ ಸಾರಿನ ಹಂಡೆಗಳು, ಅಂಗಡಿಯ ಮುಂದೆ ಕೊಕ್ಕೆಗೆ ಸಿಕ್ಕಿಸಿದ ಇಡೀ ಆಡುಗಳು, ಬಾಲದ ತುದಿಗೆ ಮಾತ್ರ ಕೂದಲು ಉಳಿಸಿದ್ದರು. ಪುಟ್ಟ ಸ್ಟೂಲುಗಳ ಮೇಲೆ ಕೂತ ಜನ ಬಟ್ಟಲಿಗೆ ಬಾಯಿ ಹಚ್ಚಿ ಸೊರ್ ಎಂದು ಎಳೆಯುತ್ತಿದ್ದರು, ಮೂಳೆಯನ್ನು ಪಕ್ಕಕ್ಕೆ ಉಗಿಯುತ್ತಿದ್ದರು. ಕೊಬ್ಬಿನ ವಾಸನೆ ಮಂಜಿನೊಡನೆ ಬೆರೆತು ಮುಖಕ್ಕೆ ಒದ್ದೆ ಬಟ್ಟೆಯ ಹಾಗೆ ಅಂಟುತ್ತಿತ್ತು. ಒಂದೊಂದು ಹೆಜ್ಜೆಗೂ ಕಣ್ಣಿನ ಹಿಂದೆ ಗುದ್ದು. ಕೈಯಲ್ಲಿ ಮೊಲದ ತಲೆಗಳ ಚೀಲ. ಬರಿಗೈಲಿ ಹೋಗಬಾರದೆಂದು ಅದನ್ನೇ ತಂದಿದ್ದಳು. ಯಾಕೆ ಹೇಳಿದ್ರಿ? ನಿಯಮ ಇತ್ತು, ಹೇಳಿದೆ. ಗುರುಗಳಿಗೆ ಹೇಳೆಂದು ಯಾವ ನಿಯಮ ಹೇಳುತ್ತದೆ? ಆ ಚಿಕ್ಕ ಡಾಕ್ಟರು ಹೇಳಿದ್ದಾನೆ. ನೋವು ಹೇಳುತ್ತಿದೆ. ಪ್ರಯೋಗದ ಫಲವನ್ನು ಓದಿದ ದಿನದಿಂದ ಅವಳನ್ನು ತಿನ್ನುತ್ತಿದ್ದ ಪದ ಒಂದೇ: ಸ್ವಲ್ಪ. ಕಾದು ಕೂತವರಿಗಿಂತ ಸೂಜಿಯವರು, ಸುಳ್ಳಿನವರೂ ಸೇರಿ, ಚೆನ್ನಾಗಿಯೇ ಸುಧಾರಿಸಿದ್ದರು. ಸುಳ್ಳಿನವರಿಗಿಂತ ನಿಜದವರು ಸ್ವಲ್ಪ ಹೆಚ್ಚು. ವಿಭಾಗದ ಮುಖ್ಯಸ್ಥರು ಆ ಸ್ವಲ್ಪಕ್ಕೆ ಕೈತಟ್ಟಿಸಿದ್ದರು. ಅವಳ ಇಪ್ಪತ್ತು ವರ್ಷ ಆ ಸ್ವಲ್ಪದೊಳಗೆ ಕಾಲು ಮಡಿಸಿಕೊಂಡು ಕೂರಬೇಕಿತ್ತು. ಪೂರ್ತಿ ಸುಳ್ಳು ಎಂದಾದರೂ ಆಗಿದ್ದರೆ ಉಗಿದು ಎದ್ದು ಹೋಗಬಹುದಿತ್ತು.

ಬಾಗಿಲು ತೆರೆದದ್ದು ಗುರುಗಳ ಹೆಂಡತಿ, ಗುರುಮ್ಮ. “ಬಾರೇ. ಮುಖ ನೋಡು, ಹಿಟ್ಟು ಬಳಿದಂಗಾಗಿದೆ. ಬಂದಿದೆ ತಾನೇ?” ಎಂದವಳೇ ದನಿ ತಗ್ಗಿಸಿ, “ಬೆಳಗ್ಗೆಯಿಂದ ಸೂಜಿ ಡಬ್ಬಿ ತೊಡೆ ಮೇಲೆ ಇಟ್ಕೊಂಡು ಕೂತಿದಾರೆ. ನಿನಗೆ ತಲೆನೋವು ಬರ್ಲಿ ಅಂತ ಹರಕೆ ಹೊತ್ತಿದ್ರೋ ಏನೋ” ಎಂದಳು.

ಮೋ ಗುರುಗಳು ಕಿಟಕಿಯ ಪಕ್ಕ ಹತ್ತಿಯ ಕೋಟು ಹೊದ್ದು ಕೂತಿದ್ದರು. ಕಣ್ಣುಗಳ ಮೇಲೆ ಅನ್ನದ ತಿಳಿಯಂಥ ಪೊರೆ. ಅವಳ ಹೆಜ್ಜೆ ಕೇಳಿಯೇ ನಕ್ಕರು. ಮೊಲದ ತಲೆಯ ವಾಸನೆಗೆ ಇನ್ನೂ ಅಗಲವಾಗಿ ನಕ್ಕರು. ಕೂತಲ್ಲೇ ಒಂದನ್ನು ಎತ್ತಿಕೊಂಡು, ನಡುಗುವ ಎರಡು ಕೈಯಿಂದ ದವಡೆ ಸೀಳಿ, ಕೆನ್ನೆಯ ಮಾಂಸ ಕಚ್ಚಿ, ಬುರುಡೆಯನ್ನು ಬಾಯಿಗಿಟ್ಟು ಜುರ್ ಎಂದು ಮಿದುಳು ಹೀರಿದರು. ಎಣ್ಣೆ ಮಣಿಕಟ್ಟಿನಿಂದ ತೋಳಿನೊಳಕ್ಕೆ ಇಳಿಯಿತು. ಲಿಯಾನ್ ಗೋಡೆಯ ಕಡೆ ನೋಡುತ್ತ ಹಲ್ಲು ಕಚ್ಚಿ ಕೂತಳು.

“ಏನಾಯ್ತು ನಿಮ್ಮ ನಾಟಕ ಕಂಪನಿ?” ಎಂದರು. ಪ್ರಯೋಗಕ್ಕೆ ಅವರು ಇಟ್ಟ ಹೆಸರು ಅದು.

“ಮುಗೀತು ಗುರುಗಳೇ.”

“ಸುಳ್ಳು ಸೂಜಿಯೋರು ಅಳ್ತಾ ಹೋದ್ರಾ?”

“ಕೆಲವರಿಗೆ ವಾಸಿಯಾಗಿದೆ.”

“ಹ್ಞಾಂ? ನಿಜ ಸೂಜಿಯೋರಿಗೆ?”

“ಅವರಿಗೆ ಸ್ವಲ್ಪ ಹೆಚ್ಚು.”

“ಸ್ವಲ್ಪ!” ಮುದುಕರು ಬುರುಡೆಯನ್ನು ಎತ್ತಿ ಹಿಡಿದು ಅಡುಗೆಮನೆಯ ಕಡೆ ತಿರುಗಿ ನಕ್ಕರು. “ಕೇಳಿದ್ಯೇನೇ, ಸ್ವಲ್ಪವಂತೆ! ನಿಮ್ಮ ಕೈಗೆ ಸ್ವಲ್ಪವೇ ಬರೋದು. ಬೆರಳ ತುದೀಲಿ ಮನಸ್ಸು ಇರ್ಬೇಕು ಲಿಯಾನ್, ನಿಮಗೆಲ್ಲ ಮನಸ್ಸು ಮೊಬೈಲಲ್ಲಿ. ನಿನ್ನ ತಲೇನೇ ನೋಡು. ಬೇರೆ ಯಾರ ಕೈಗೂ ಬಗ್ಗಲ್ಲ, ನನ್ನ ಕೈಗೆ ಬಗ್ಗುತ್ತೆ. ಹೌದೋ ಅಲ್ವೋ?”

ಇದೇ ಹೊತ್ತು. ಇನ್ನೊಂದು ಸಿಕ್ಕುವುದಿಲ್ಲ. “ಗುರುಗಳೇ, ಒಂದು ಮಾತಿತ್ತು,” ಎಂದಳು.

“ಮಲಗು ಮೊದ್ಲು. ಮಾತು ಆಮೇಲೆ. ನಿನ್ನ ದನೀಲೇ ನೋವು ಕೇಳಿಸ್ತಿದೆ.”

ಮಲಗಿದಳು. ಬೆತ್ತದ ಮಂಚಕ್ಕೆ ಹಾಸಿದ ಟವೆಲ್ಲಿನಲ್ಲಿ ಎಷ್ಟೋ ಚಳಿಗಾಲದ ಎಣ್ಣೆ, ಬೆವರು. ಚುಚ್ಚಲಿ, ಬಂತಾ ಎಂದು ಕೇಳಲಿ, ಇಲ್ಲ ಎಂದುಬಿಡುತ್ತೇನೆ. ಅಲ್ಲಿಂದ ಉಳಿದದ್ದೆಲ್ಲ ತಾನೇ ಬರುತ್ತದೆ. ಗುರುಗಳು ಕೈ ಒರೆಸಿಕೊಂಡು, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅವಳ ಹಣೆ ಸವರಿದರು. ಆ ಕೈಗೆ ಮೆಣಸು, ಆಡು, ಮುಪ್ಪು, ಎಲ್ಲದರ ವಾಸನೆ ಇತ್ತು. ಕಿರುಬೆರಳ ಉದ್ದ ಉಗುರು ಹುಬ್ಬಿಗೆ ತಾಗಿತು. ಅವಳು ಉಸಿರು ಹಿಡಿದಳು. ಮೊದಲು ಅವರು ಬರಿಗೈಲೇ ಚುಚ್ಚುತ್ತಿದ್ದರು. ನಡುಕ ಬಂದ ಮೇಲೆ ಅವಳೇ ಸಣ್ಣ ಪ್ಲಾಸ್ಟಿಕ್ ನಳಿಗೆಗಳ ಸೂಜಿ ತಂದುಕೊಟ್ಟಿದ್ದಳು. ನಳಿಗೆಯನ್ನು ಚರ್ಮಕ್ಕೆ ಊರಿ ಮೇಲಿನಿಂದ ತಟ್ಟಿದರೆ ಸೂಜಿ ನೆಟ್ಟಗೆ ಇಳಿಯುತ್ತದೆ, ಕೈ ನಡುಗಿದರೂ ಪರವಾಗಿಲ್ಲ. ಕಿವಿಯ ಮೇಲೆ, ಕೆನ್ನೆಲುಬು ಮುಗಿಯುವಲ್ಲಿ ನಳಿಗೆ ಊರಿತು. ಗುರುಗಳು ತಟ್ಟಿದರು. ಬೆರಳು ನಳಿಗೆಯ ಅಂಚಿಗೆ ಬಿತ್ತು. ಮತ್ತೆ ತಟ್ಟಿದರು, ನಳಿಗೆ ಎತ್ತಿದರು. ಸೂಜಿ ಅದರ ಜೊತೆಗೇ ಎದ್ದು, ಜಾರಿ, ಟವೆಲ್ಲಿನ ಮೇಲೆ ಅವಳ ಮೂಗಿನ ಮುಂದೆ ಬಿದ್ದಿತು. ಸದ್ದೇ ಆಗಲಿಲ್ಲ.

ಗುರುಗಳಿಗೆ ಕಾಣಲಿಲ್ಲ. ಅವರ ಹೆಬ್ಬೆರಳು ತೋರುಬೆರಳು ಅವಳ ಕಪಾಲದ ಮೇಲೆ ಗಾಳಿಯನ್ನು ಹಿಡಿದುಕೊಂಡು ತಿರುವತೊಡಗಿದವು. ಮುಂದಕ್ಕೆ, ಹಿಂದಕ್ಕೆ, ಬಹಳ ಮೆಲ್ಲಗೆ. ಬೆರಳ ತುದಿಗಳಿಗೆ ಸ್ಪರ್ಶವೂ ಸತ್ತುಹೋಗಿತ್ತೇನೋ. ತಲೆ ಓರೆ ಮಾಡಿ, ಬಾಯಿ ಅರೆ ತೆರೆದು, ಒಳಗಿನ ಏನನ್ನೋ ಆಲಿಸುವವರಂತೆ ಇದ್ದರು. ಆಶ್ಚರ್ಯವೆಂದರೆ ಇಲ್ಲದ ಸೂಜಿಯನ್ನು ತಿರುವುವಾಗ ಆ ಕೈ ನಡುಗುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಗುರುಮ್ಮ ಬಟ್ಟಲು ಹಿಡಿದು ನಿಂತಿದ್ದಳು. ಅವಳು ಟವೆಲ್ಲಿನ ಮೇಲಿನ ಸೂಜಿಯನ್ನು ನೋಡಿದಳು. ಲಿಯಾನಳನ್ನು ನೋಡಿದಳು.

“ಬಂತಾ?” ಎಂದರು ಗುರುಗಳು.

ಇಲ್ಲ ಎನ್ನಲು ಬಾಯಿ ತೆರೆದಳು. ಆಗ ಅದು ಬಂತು. ಕಿವಿಯ ಮೇಲೆ, ಏನೂ ಚುಚ್ಚದಿದ್ದ ಜಾಗದಲ್ಲಿ, ಒಳಗೆ ಸೆಳೆದಂತೆ, ಭಾರವಾದಂತೆ, ಏನೋ ಊದಿಕೊಂಡು ಕುತ್ತಿಗೆಯ ಬದಿಯಿಂದ ಇಳಿಯತೊಡಗಿತು. ಪುಸ್ತಕದಲ್ಲಿ ಬರೆದದ್ದು ಹೀಗೇ. ಅವಳು ರೋಗಿಗಳಿಗೆ ವಿವರಿಸುತ್ತಿದ್ದದ್ದೂ ಹೀಗೇ. ಅವಳ ಮೈಗೆ ಮಾತ್ರ ಒಮ್ಮೆಯೂ ಆಗಿರಲಿಲ್ಲ. ಬೇಡ, ಬರಬೇಡ ಎಂದು ಹಲ್ಲು ಕಚ್ಚಿದಳು. ಅದು ಇಳಿಯುತ್ತಲೇ ಹೋಯಿತು. ಥೂ, ಎಂಥ ನಾಚಿಕೆಗೆಟ್ಟ ಮೈ ಇದು, ಸೂಜಿ ಕಣ್ಣ ಮುಂದೆ ಬಿದ್ದಿದೆ, ಎಲ್ಲ ಬಲ್ಲವಳು ನಾನು, ಬಲ್ಲದ್ದಕ್ಕೆ ಕಿಂಚಿತ್ತಾದರೂ ಬೆಲೆ ಬೇಡವೇ? ಕಣ್ಣಿನ ಹಿಂದೆ ಕೂತಿದ್ದವನು ತಿರುಪನ್ನು ಒಂದು ಸುತ್ತು ಸಡಿಲ ಬಿಟ್ಟ.

“ಬಂತು ಗುರುಗಳೇ,” ಎಂದಳು.

“ಎಲ್ಲಿವರೆಗೆ?”

“ಭುಜದವರೆಗೆ.”

ಮುದುಕರ ಮುಖ ಅರಳಿತು. ಇನ್ನೂ ಸ್ವಲ್ಪ ಹೊತ್ತು ಗಾಳಿಯನ್ನು ತಿರುವಿ, ತೃಪ್ತಿಯಿಂದ ಕೈ ಬಿಟ್ಟು, “ಇರ್ಲಿ ಹಾಗೇ, ಅಲ್ಲಾಡ್ಬೇಡ” ಎಂದು ಕುರ್ಚಿಗೆ ಒರಗಿದರು. “ಏನೋ ಮಾತಿತ್ತು ಅಂದ್ಯಲ್ಲ?”

“ಏನಿಲ್ಲ ಗುರುಗಳೇ.”

ಅಲ್ಲಾಡದೆ ಬಿದ್ದುಕೊಂಡಳು, ಇಲ್ಲದ ಸೂಜಿ ಕದಲೀತೆಂದು. ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಕಿಟಕಿಯ ಕಡೆಯಿಂದ ಸಣ್ಣ ಗೊರಕೆ ಕೇಳತೊಡಗಿದ ಮೇಲೆ ಗುರುಮ್ಮ ಬಂದು, ಟವೆಲ್ಲಿನ ಮೇಲಿನ ಸೂಜಿಯನ್ನು ಎತ್ತಿ, ಹೊಲಿಗೆಯ ಸೂಜಿಯನ್ನು ಸಿಕ್ಕಿಸಿಕೊಳ್ಳುವಂತೆ ತನ್ನ ಏಪ್ರನ್ನಿನ ಎದೆಗೆ ಸಿಕ್ಕಿಸಿಕೊಂಡಳು. ಬಟ್ಟಲನ್ನು ಮುಂದೆ ಹಿಡಿದಳು. ಹಂದಿಯ ಮಿದುಳು, ಬೇರುಗಳ ಜೊತೆ ಹಬೆಯಲ್ಲಿ ಬೇಯಿಸಿದ್ದು. ತಲೆ ನೋಯುವವರು ತಲೆಯದನ್ನೇ ತಿನ್ನಬೇಕೆಂದು ಗುರುಮ್ಮ ಪ್ರತಿ ಸಲ ಮಾಡುತ್ತಾಳೆ, ಲಿಯಾನ್ ಪ್ರತಿ ಸಲ ವಾಕರಿಕೆ ನುಂಗಿಕೊಂಡು ಎರಡು ಚಮಚ ತಿಂದು ಬಿಡುತ್ತಾಳೆ. ಬೆಳ್ಳಗೆ, ಮೆತ್ತಗೆ, ಸುರುಳಿ ಸುರುಳಿಯಾಗಿ, ಅಲ್ಲಲ್ಲಿ ಕಪ್ಪು ರಕ್ತದ ಎಳೆ ಅಂಟಿಕೊಂಡು ಅದು ಸಾರಿನಲ್ಲಿ ಅಲುಗುತ್ತಿತ್ತು.

ಹಸಿವಾಯಿತು. ಹೊಟ್ಟೆ ಕಿತ್ತುಬರುವಂಥ ಹಸಿವು. ಎದ್ದು ಕೂತು ಬಟ್ಟಲು ಕಸಿದುಕೊಂಡು ತಿನ್ನತೊಡಗಿದಳು. ಅದು ನಾಲಿಗೆಯ ಮೇಲೆ ಹಾಲಿನ ಕೆನೆಯಂತೆ ಕರಗಿತು, ಹಲ್ಲಿಗೆ ಕೆಲಸವೇ ಇರಲಿಲ್ಲ. ಸಾರು ಗದ್ದಕ್ಕೆ ಇಳಿಯಿತು. ಗುರುಮ್ಮ ಮಂಚದ ಅಂಚಿಗೆ ಕೂತು ಅವಳು ತಿನ್ನುವುದನ್ನೇ ನೋಡುತ್ತಿದ್ದಳು. ಆಮೇಲೆ ಬಗ್ಗಿ, ಮುದುಕರಿಗೆ ಕೇಳಿಸದಂತೆ, ಕಿವಿಯ ಹತ್ತಿರ ಹೇಳಿದಳು:

“ಇಷ್ಟು ವರ್ಷದಲ್ಲಿ ‘ಬಂತು’ ಅಂತ ನೀನು ಅವ್ರಿಗೆ ನಿಜ ಹೇಳಿದ್ದು ಇವತ್ತೊಂದೇ ಸಲ ಕಣೇ.”

ಲಿಯಾನ್ ಬಟ್ಟಲ ತಳಕ್ಕೆ ಅಂಟಿದ್ದನ್ನು ಬೆರಳಿನಿಂದ ಬಳಿದು ನೆಕ್ಕಿದಳು. ನೆಕ್ಕುತ್ತಿದ್ದ ಬೆರಳನ್ನು ನೋಡಿ ಅವಳಿಗೆ ಮೈಯೆಲ್ಲ ಅಸಹ್ಯವಾಯಿತು. ಖಾಲಿ ಬಟ್ಟಲನ್ನು ಮುಂದೆ ಹಿಡಿದು, “ಇನ್ನೊಂದು ಚೂರು ಇದ್ರೆ ಹಾಕಿ ಗುರುಮ್ಮ” ಎಂದಳು.